ಇಪ್ಪತ್ತಮೂರು ಖಾತೆಗೆ ಒಂದೇ ನಂಬರು

ನನ್ನ ಕಸುಬು ರಬ್ಬರ್ ಸೀಲು ಮಾಡುವುದು. ಗಂಡ ತೀರಿಕೊಂಡ ಮೇಲೆ ಅವನ ಮೇಜು, ಅವನ ಚಾಕು, ಅವನ ಗಿರಾಕಿಗಳ ಜಗಳ ಮೂರೂ ನನ್ನ ಪಾಲಿಗೆ ಬಂದವು. ಬ್ಯಾಂಕಿನ ಗೋಡೆಗೆ ಒರಗಿಕೊಂಡಂತೆ ಒಂದು ತಗಡಿನ ಮಾಡು, ಅದರಡಿಯಲ್ಲಿ ಎರಡು ಮೇಜು. ಒಂದು ನನ್ನದು. ಇನ್ನೊಂದು ಅರ್ಜಿಯಣ್ಣನದು. ಹತ್ತೊಂಬತ್ತು ವರ್ಷ ಪಕ್ಕಪಕ್ಕದಲ್ಲಿ ಕೂತಿದ್ದೇವೆ. ಗಂಡನ ಜೊತೆಗೂ ನಾನು ಅಷ್ಟು ವರ್ಷ ಕೂತಿರಲಿಲ್ಲ.

ಓದು ಬರಹ ಬಾರದವರ ಅರ್ಜಿ ಬರೆದುಕೊಡುವುದು ಅವರ ಕೆಲಸ. ಹಾಗಾಗಿ ಅರ್ಜಿಯಣ್ಣ. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನೂ ಕೂಸುಗಳನ್ನೂ ಸೇರಿಸಿ ಇಡೀ ಬೀದಿಗೆ ಅವರು ಅಣ್ಣನೇ. ಮದುವೆಯಾಗಿರಲಿಲ್ಲ. ವಿಧವೆ ಅಕ್ಕನ ಜೊತೆ ಎರಡು ಬೀದಿ ಆಚೆ, ಮೆಟ್ಟಿಲ ಕೆಳಗಿನ ಮನೆಯಲ್ಲಿ ಇದ್ದರು. ಅಕ್ಕನಿಗೆ ಎಪ್ಪತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು. "ಇವನ ಕೈಬರಹ ನೋಡಿ ದೇವರಿಗೇ ಹೊಟ್ಟೆಕಿಚ್ಚು ಬಂತು, ಅದಕ್ಕೇ ಹಣೆಬರಹ ಗೀಚಿಬಿಟ್ಟ," ಎನ್ನುತ್ತಿದ್ದಳು.

ಹಣೆಬರಹ ಅಂದಿದ್ದಕ್ಕೆ ಕಾರಣವಿತ್ತು. ಚಿಕ್ಕ ವಯಸ್ಸಿನಲ್ಲಿ ಅಣ್ಣ ನೂಲಿನ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಬ್ಬ ಕೂಲಿಯವನ ಕೈ ಯಂತ್ರಕ್ಕೆ ಸಿಕ್ಕಿತು. ತಪ್ಪು ಅವನದೇ ಎಂದು ವರದಿ ಬರೆ ಅಂದರು. ಇವರು ಬರೆಯಲಿಲ್ಲ. ಬರೆಯುವವರು ಇನ್ನೊಬ್ಬರು ಸಿಕ್ಕರು, ಇವರು ಬೀದಿಗೆ ಬಂದರು. ಬೀದಿಯಲ್ಲೂ ಅದೇ ಚಾಳಿ. ಪಿಂಚಣಿಗೆ ನಾಲ್ಕು ವರ್ಷ ಹೆಚ್ಚು ಬರೆಯಿರಿ ಎಂದು ಬಂದವರನ್ನು, ಮಗಳ ವಯಸ್ಸು ಎರಡು ವರ್ಷ ಕಮ್ಮಿ ಮಾಡಿ ಎಂದವರನ್ನು ಹಾಗೇ ವಾಪಸು ಕಳಿಸುತ್ತಿದ್ದರು. "ಒಂದು ಸುಳ್ಳಿಗೆ ಎರಡು ಪಟ್ಟು ರೇಟು ಹಾಕಿ, ನಾವಿಬ್ಬರೂ ಮಹಡಿ ಮನೆ ಕಟ್ಟೋಣ," ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು, ಬರೆಯುತ್ತಿರಲಿಲ್ಲ.

ಇನ್ನೊಂದು ಚಾಳಿಯೂ ಇತ್ತು. ಬ್ಯಾಂಕಿನಲ್ಲಿ ಖಾತೆ ತೆರೆಯುವ ಫಾರಮಿನಲ್ಲಿ 'ಉದ್ದೇಶ' ಎಂಬ ಒಂದು ಖಾನೆ ಇದೆ. ಎಲ್ಲರೂ ಅಲ್ಲಿ 'ಉಳಿತಾಯ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇವರು ಹಾಗಲ್ಲ. ಎದುರಿಗೆ ಕೂತವಳನ್ನು ಕೇಳುತ್ತಿದ್ದರು: ಯಾತಕ್ಕಮ್ಮ ಈ ದುಡ್ಡು? ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದರು. 'ಅಮ್ಮನ ಎರಡನೇ ಕಣ್ಣಿಗೆ.' 'ಹೊಲಿಗೆ ಯಂತ್ರ, ಕಾಲಿನಲ್ಲಿ ತುಳಿಯುವುದಲ್ಲ, ಕರೆಂಟಿನದು.' ಒಳಗಿನ ಕೌಂಟರಿನ ಹೆಂಗಸು ಅದನ್ನು ಹಾಗೇ ಕಂಪ್ಯೂಟರಿಗೆ ಇಳಿಸುತ್ತಿದ್ದಳು. ತಿದ್ದುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಫಾರಮಿನಲ್ಲಿ ಮೊಬೈಲ್ ನಂಬರಿಗೂ ಒಂದು ಖಾನೆ. ಅದೇ ಕಂಟಕವಾಯಿತು. ಅಣ್ಣನ ಹತ್ತಿರ ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಹೆಂಗಸರು. ಕಚೇರಿ ಗುಡಿಸುವವರು, ಮನೆಗೆಲಸದವರು, ಆಸ್ಪತ್ರೆಯ ಬಟ್ಟೆ ಒಗೆಯುವವರು. ಮನೆಯಲ್ಲಿ ಒಂದು ಫೋನು, ಅದು ಗಂಡನ ಜೇಬಿನಲ್ಲಿ. ದುಡ್ಡು ಕಟ್ಟಿದಾಗಲೆಲ್ಲ ಆ ಫೋನು ಟಿಣ್ ಎಂದರೆ ಗಂಡನಿಗೆ ಗೊತ್ತಾಗುತ್ತದೆ, ಗೊತ್ತಾದ ದುಡ್ಡು ಉಳಿಯುವುದಿಲ್ಲ. ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. "ಯಾವುದಾದ್ರೂ ಒಂದು ನಂಬರ್ ಹಾಕಿ ತನ್ನಿ ಅತ್ಲಾಗೆ," ಎಂದಳು ಕೌಂಟರಿನ ಹೆಂಗಸು. ಅಣ್ಣ ತಮ್ಮ ನಂಬರು ಹಾಕಿದರು. ಮೊದಲು ಒಬ್ಬಳಿಗೆ. ಆಮೇಲೆ ಅವಳ ಓರಗಿತ್ತಿಗೆ. ಕೊನೆಕೊನೆಗೆ ಇಪ್ಪತ್ತಮೂರು ಖಾತೆಗೆ ಅದೊಂದೇ ನಂಬರು. ನಡುವೆ ಒಮ್ಮೆ ಕಂಪ್ಯೂಟರು ತಗಾದೆ ತೆಗೆದಾಗ ಕೌಂಟರಿನವಳೇ ಏನೋ ಒತ್ತಿ ಅದರ ಬಾಯಿ ಮುಚ್ಚಿಸಿದಳು.

ತಮ್ಮ ಫೋನಿಗೆ ಸಂದೇಶ ಬಂದರೆ ಅಣ್ಣ ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳುತ್ತಿದ್ದರು. ಆ ಹೆಂಗಸು ದಾರಿಯಲ್ಲಿ ಹಾದುಹೋಗುವಾಗ ಕರೆದು ಕಿವಿಗಷ್ಟೇ ಕೇಳುವಂತೆ ಓದುತ್ತಿದ್ದರು. ಓದಿದ ಮೇಲೆ ಚೀಟಿ ಹರಿದುಹಾಕುತ್ತಿದ್ದರು. ಇದಕ್ಕೆ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಅದು ಮೂರ್ಖತನವೆಂದು ನಾನು ಆಗಲೇ ಹೇಳಿದ್ದೆ. ಬಿಟ್ಟಿ ಕೆಲಸಕ್ಕೆ ಬೆಲೆಯಿಲ್ಲ ಅಂತ ಮಾತ್ರ ನನ್ನ ಲೆಕ್ಕ, ಇಂಥದ್ದು ಆಗುತ್ತದೆ ಅಂತಲ್ಲ.

ಆ ಇಪ್ಪತ್ತಮೂರರಲ್ಲಿ ಒಬ್ಬಳು ಆಸ್ಪತ್ರೆಯ ಬಟ್ಟೆ ಒಗೆಯುವವಳು. ಸೋಡಾ ನೀರಿಗೆ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು, ಹೆಬ್ಬೆಟ್ಟು ಒತ್ತಿಸಿದರೆ ಗೆರೆಯೇ ಮೂಡುತ್ತಿರಲಿಲ್ಲ. ಗಂಡ ಸಾರೋಟಿನ ಕುದುರೆಯ ಹಾಗೆ ದುಡಿದು ಕುಡಿಯುವವನಲ್ಲ, ದುಡಿಯದೆಯೇ ಕುಡಿಯುವವನು. ಕುಡಿದ ಮೇಲೆ ಏನು ಮಾಡುತ್ತಿದ್ದ ಎಂಬುದು ಅವಳ ಮೊಣಕೈ ಮೇಲೆ ಬರೆದಿರುತ್ತಿತ್ತು. ಒಬ್ಬಳು ಮಗಳು, ಒಂಬತ್ತು ವರ್ಷದವಳು. ಉದ್ದೇಶದ ಖಾನೆಯಲ್ಲಿ ಅಣ್ಣ ಅವಳದೇ ಮಾತು ಬರೆದಿದ್ದರು: 'ನಾನು ಮಗಳು ಇಬ್ಬರೇ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆಗೆ.' ಆರು ವರ್ಷ ಕೂಡಿಟ್ಟಳು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಕೋಣೆ ನೋಡಿದ್ದಳು. ತಿಂಗಳೊಪ್ಪತ್ತಿನಲ್ಲಿ ಮುಂಗಡ ಕೊಟ್ಟು ಹೋಗುವುದೆಂದು ತೀರ್ಮಾನವಾಗಿತ್ತು.

ಆಗ ಬ್ಯಾಂಕಿನ ಗಾಜಿನ ಬಾಗಿಲ ಮೇಲೆ ಒಂದು ನೋಟೀಸು ಅಂಟಿಸಿದರು. ಗ್ರಾಹಕರ ಕೆಲವು ವಿವರಗಳು ಹೊರಗಿನವರ ಕೈ ಸೇರಿರುವ ಸಂಭವವಿದೆ, ಸುರಕ್ಷತೆಗಾಗಿ ನಮ್ಮ ಸಿಬ್ಬಂದಿ ನಿಮ್ಮನ್ನು ಸಂಪರ್ಕಿಸಬಹುದು ಎಂದಿತ್ತು. ಹಾಲು ಸೋರುವುದು ಗೊತ್ತು, ಮಾಡು ಸೋರುವುದು ಗೊತ್ತು. ಹೆಸರು, ವಿಳಾಸ, ಹುಟ್ಟಿದ ದಿನ ಸೋರುವುದು ಹೇಗೆ ಎಂದು ನಾನು ನಕ್ಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಬಾಗಿಲಿಗೆ ಬರೀ ಚೀಟಿ ಅಂಟಿಸಿದ್ದರು. ಅಣ್ಣ ಆ ಚೀಟಿಯನ್ನು ಬಂದಬಂದವರಿಗೆಲ್ಲ ಓದಿ ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಅಣ್ಣನ ಫೋನು ಹೊಡೆದುಕೊಂಡಿತು. ಬಟ್ಟೆ ಒಗೆಯುವವಳು ಪಾಳಿ ಮುಗಿಸಿ ಬಂದು ಅವರ ಬೆಂಚಿನ ಮೇಲೆ ಕೂತಿದ್ದಳು. ನಾನು ಮೂರಡಿ ದೂರದಲ್ಲಿ ಒಬ್ಬ ಡಾಕ್ಟರರ ಸೀಲು ಕೊರೆಯುತ್ತಿದ್ದೆ. ಬ್ಯಾಂಕಿನ ಸುರಕ್ಷತಾ ವಿಭಾಗ ಎಂದಿತು ಆ ದನಿ. ಬಹಳ ಮರ್ಯಾದೆಯ ದನಿ.

ಅಣ್ಣ ಪೆದ್ದರಲ್ಲ. "ನೀವು ಬ್ಯಾಂಕಿನವರೇ ಅಂತ ನಾನು ಹೇಗೆ ನಂಬಲಿ?" ಎಂದು ಕೇಳಿದರು.

ಆ ಕಡೆಯವನು ಓದತೊಡಗಿದ. ಬಟ್ಟೆ ಒಗೆಯುವವಳ ಹೆಸರು, ಖಾತೆಯ ಸಂಖ್ಯೆ, ವಿಳಾಸ. ಆಮೇಲೆ, ಉದ್ದೇಶ: ನಾನು ಮಗಳು ಇಬ್ಬರೇ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆಗೆ.

ಅಲ್ಲೇ ಅವರು ಬಿದ್ದದ್ದು. ಬೇರೆ ಯಾರೂ ಹೀಗೆ ಬೀಳುತ್ತಿರಲಿಲ್ಲ. ಬೇರೆಯವರು 'ಉಳಿತಾಯ' ಎಂದಷ್ಟೇ ಬರೆದಿರುತ್ತಿದ್ದರು, ಅದನ್ನು ಯಾವ ಕಳ್ಳನೂ ಊಹಿಸಬಲ್ಲ. ಈ ವಾಕ್ಯ ಊಹಿಸಲಾಗದ್ದು. ಅದು ಅವಳ ಎದೆಯಲ್ಲಿತ್ತು, ಇವರ ತಲೆಯಲ್ಲಿತ್ತು, ಬ್ಯಾಂಕಿನ ಕಡತದಲ್ಲಿತ್ತು. ನಾಲ್ಕನೆಯ ಜಾಗಕ್ಕೆ ಅದು ಹೋಗಿರಬಹುದೆಂದು ಅವರಿಗೆ ಹೊಳೆಯಲಿಲ್ಲ. ಸೋರಿಕೆಯ ನೋಟೀಸನ್ನು ನೂರು ಸಲ ಓದಿ ಹೇಳಿದ ಮನುಷ್ಯ, ಸೋರಿದ್ದು ತಾನು ಬರೆದದ್ದೇ ಎಂದು ಅರ್ಥ ಮಾಡಿಕೊಳ್ಳಲಿಲ್ಲ. ತನ್ನ ಬರಹ ಕಿವಿಗೆ ಬಿದ್ದಾಗ ಯಾರಿಗೆ ತಾನೆ ಅನುಮಾನ ಬರುತ್ತದೆ?

ಫೋನಿಗೆ ಆರು ಅಂಕಿಯ ಒಂದು ಗುಟ್ಟಿನ ಸಂಖ್ಯೆ ಬಂತು. ಅದನ್ನು ಓದಿ ಹೇಳಿದರೆ ಖಾತೆ ಭದ್ರವಾಗುತ್ತದೆ ಎಂದ ಅವನು. ಅಣ್ಣ ಫೋನಿಗೆ ಅಂಗೈ ಮುಚ್ಚಿ, "ಏನಮ್ಮ, ಹೇಳಲಾ?" ಎಂದು ಅವಳನ್ನು ಕೇಳಿದರು.

"ಹೇಳಿ ಅಣ್ಣ. ನಿಮಗೆ ಗೊತ್ತಿಲ್ಲದ್ದು ನನಗೇನು ಗೊತ್ತು," ಎಂದಳು ಅವಳು.

ನಾನು ಕೇಳಿಸಿಕೊಂಡೆ. ಈ ಮಾತು ನೆನಪಿರಲಿ, ನಾನು ಕೇಳಿಸಿಕೊಂಡಿದ್ದೆ.

ಅವರು ಓದಿದರು. ಆಮೇಲೆ ಇನ್ನೊಬ್ಬಳದು. ಅಮ್ಮನ ಎರಡನೇ ಕಣ್ಣು, ಕರೆಂಟಿನ ಹೊಲಿಗೆ ಯಂತ್ರ, ಒಂದಾದ ಮೇಲೊಂದು. ನಿಧಾನವಾಗಿ, ಸ್ಪಷ್ಟವಾಗಿ, ಒಂದೊಂದು ಅಂಕಿಯನ್ನೂ ಬಿಡಿಸಿ ಓದಿದರು. ಒಂದು ಚೀಟಿಯಲ್ಲಿ ಒಬ್ಬೊಬ್ಬರ ಹೆಸರು ಬರೆದು ಸರಿ ಗುರುತು ಹಾಕಿದರು, ನಡುನಡುವೆ ಬಂದ ಬೇರೆ ಸಂದೇಶಗಳನ್ನು ಆಮೇಲೆ ನೋಡಿದರಾಯಿತೆಂದು ಬಿಟ್ಟರು. ಹನ್ನೊಂದು ಖಾತೆ ಮುಗಿದಾಗ ಫೋನಿನ ಬ್ಯಾಟರಿ ಸತ್ತಿತು. ಉಳಿದ ಹನ್ನೆರಡು ಹೆಂಗಸರನ್ನು ಉಳಿಸಿದ್ದು ಆ ಹಳೇ ಬ್ಯಾಟರಿ.

ಮಧ್ಯಾಹ್ನಕ್ಕೆ ವಿಷಯ ಗೊತ್ತಾಯಿತು. ಬಟ್ಟೆ ಒಗೆಯುವವಳು ಒಳಗೆ ಹೋಗಿ ಕೇಳಿದಾಗ ಖಾತೆಯಲ್ಲಿ ಚಿಲ್ಲರೆ ಮಾತ್ರ ಇತ್ತು. ಅವಳು ಅಳಲಿಲ್ಲ. ಬಂದು ಬೆಂಚಿನ ಮೇಲೆ ಕೂತು, "ಅಣ್ಣ, ಅವರು ಏನೋ ತಪ್ಪು ನೋಡಿದಾರೆ, ನೀವು ಬಂದು ಓದಿ," ಎಂದಳು. ಅಣ್ಣ ಎದ್ದು ಹೋಗಿ ಓದಿದರು. ವಾಪಸು ಬರುವಾಗ ಗೋಡೆ ಹಿಡಿದುಕೊಂಡು ಬಂದರು.

ಮಾರನೆಯ ದಿನವೇ ಅಣ್ಣ ಹನ್ನೊಂದು ದೂರು ಬರೆದರು. ಬ್ಯಾಂಕು ಹನ್ನೊಂದಕ್ಕೂ ಒಂದೇ ಉತ್ತರ ಕೊಟ್ಟಿತು: ಗುಟ್ಟಿನ ಸಂಖ್ಯೆಯನ್ನು ಗ್ರಾಹಕರೇ ಬಿಟ್ಟುಕೊಟ್ಟಿದ್ದಾರೆ, ಬ್ಯಾಂಕು ಹೊಣೆಯಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ ಬರೆದರು. ಎರಡು ತಿಂಗಳಾದ ಮೇಲೆ, ಗ್ರಾಹಕರ ಅಜಾಗ್ರತೆ ಕಾಣುವುದರಿಂದ ದೂರು ಮುಗಿಸಲಾಗಿದೆ ಎಂದು ಅಲ್ಲಿಂದಲೂ ಬಂತು. ನಡುವೆ ಬ್ಯಾಂಕು ಇನ್ನೊಂದು ಘನಕಾರ್ಯ ಮಾಡಿತು. ಕಾನೂನಿನ ಪ್ರಕಾರ ಸೋರಿಕೆಯ ವಿಷಯ ಪ್ರತಿ ಗ್ರಾಹಕರಿಗೂ ತಿಳಿಸಬೇಕಂತೆ. ಅದಕ್ಕೆ ಮನೆಮನೆಗೆ ಕಾಗದ ಕಳಿಸಿತು. ಬಟ್ಟೆ ಒಗೆಯುವವಳ ಮನೆಗೂ ಬಂತು. ಗಂಡ ಅದನ್ನು ಪಕ್ಕದ ಮನೆಯವನಿಂದ ಓದಿಸಿದ. ಹೆಂಡತಿಗೆ ಒಂದು ಖಾತೆಯಿತ್ತು, ಆರು ವರ್ಷ ಇತ್ತು ಎಂಬುದು ಅವನಿಗೆ ಹಾಗೆ ತಿಳಿಯಿತು.

ಅವಳು ನಾಲ್ಕು ದಿನ ಕಾಣಲಿಲ್ಲ. ಐದನೇ ದಿನ ಬಂದಾಗ ಕೆಳದವಡೆ ಊದಿ ಮಾತು ತೊದಲುತ್ತಿತ್ತು. ಮಗಳು ಅವಳ ಸೆರಗು ಬಿಡುತ್ತಿರಲಿಲ್ಲ. ಅಣ್ಣ ಏನೂ ಕೇಳಲಿಲ್ಲ. ಕೇಳುವುದೇನಿತ್ತು? ಆ ಕೋಣೆ ಅಲ್ಲಿಯವರೆಗೆ ಒಂದು ಆಸೆಯಾಗಿತ್ತು. ಅವತ್ತಿನಿಂದ ಅದು ಅವಳು ಬದುಕುತ್ತಾಳೋ ಇಲ್ಲವೋ ಎಂಬ ಪ್ರಶ್ನೆಯಾಯಿತು.

ಬಡವರಿಗೆ ಬಿಟ್ಟಿ ಸಲಹೆ ಕೊಡುವ ವಕೀಲಮ್ಮ ಒಬ್ಬಳಿದ್ದಳು. ಸಣ್ಣ ವಯಸ್ಸು, ಮೂರನೇ ಮಹಡಿ, ಮುರಿದ ಲಿಫ್ಟು. ನಾನು, ಅಣ್ಣ, ಬಟ್ಟೆ ಒಗೆಯುವವಳು ಮೂವರೂ ಹತ್ತಿ ಹೋದೆವು. ವಕೀಲಮ್ಮ ಕಾಗದಗಳನ್ನೆಲ್ಲ ಓದಿ, ದಾರಿಗಳು ಇವಿಷ್ಟು ಎಂದಳು.

"ಸೋರಿಕೆಗೆ ಅಂತ ಬ್ಯಾಂಕು ಎಲ್ಲ ಗ್ರಾಹಕರಿಗೂ ಒಂದು ಚೂರು ಪರಿಹಾರ ಕೊಡ್ತಿದೆ. ತಗೋಬಹುದು. ಆದ್ರೆ ತಗೊಂಡ್ರೆ ಇನ್ನು ಯಾವ ತಕರಾರೂ ಇಲ್ಲ ಅಂತ ಬರೆದುಕೊಡಬೇಕು."

"ಎಷ್ಟು ಬರುತ್ತೆ?" ಎಂದು ನಾನು ಕೇಳಿದೆ.

"ಇಲ್ಲಿಗೆ ಬಂದು ಹೋಗೋ ಬಸ್ ಚಾರ್ಜು."

"ಲಿಫ್ಟು ರಿಪೇರಿಗೂ ಸಾಲಲ್ಲ ಹಾಗಾದ್ರೆ," ಎಂದೆ. ಅವಳು ನಗಲಿಲ್ಲ.

ಸರ್ಕಾರಕ್ಕೆ ದೂರು ಕೊಟ್ಟರೆ ಬ್ಯಾಂಕಿಗೆ ದಂಡ ಬೀಳಬಹುದು, ಆದರೆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಇವಳ ಕೈಗಲ್ಲ. ಸಿವಿಲ್ ದಾವೆ ಹೂಡಬಹುದು, ಮಗಳ ಮದುವೆ ವಯಸ್ಸಿಗೆ ತೀರ್ಪು ಬರುತ್ತದೆ. ಉಳಿದದ್ದು ಗ್ರಾಹಕರ ನ್ಯಾಯಮಂಡಳಿ. ಖರ್ಚಿಲ್ಲ, ಆರೇಳು ತಿಂಗಳಲ್ಲಿ ಮುಗಿಯುತ್ತದೆ. ಆದರೆ ಅಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ.

"ಆ ಸಂಖ್ಯೆ ಹೇಳಿ ಅಂತ ಇವರು ನಿಮಗೆ ಒಪ್ಪಿಗೆ ಕೊಟ್ಟಿದ್ರಾ?" ಎಂದು ಅಣ್ಣನನ್ನು ಕೇಳಿದಳು. "ಕೊಟ್ಟಿದ್ರೆ ಇವರು ತಾವೇ ಹೇಳಿದ ಹಾಗೆ. ತಪ್ಪು ಇವರದು, ಬ್ಯಾಂಕು ಗೆಲ್ಲುತ್ತೆ. ಇವರಿಗೆ ಗೊತ್ತೇ ಇಲ್ಲದ ಹಾಗೆ ಬೇರೆಯವರು ಹೇಳಿದ್ರೆ, ಇವರ ತಪ್ಪು ಏನೂ ಇಲ್ಲ. ಬ್ಯಾಂಕು ದುಡ್ಡು ಕೊಡಬೇಕು. ಕೊಟ್ಟ ಮೇಲೆ ಆ ಬೇರೆಯವರನ್ನ ಬ್ಯಾಂಕು ಸುಮ್ಮನೆ ಬಿಡಲ್ಲ."

ಬಟ್ಟೆ ಒಗೆಯುವವಳು ಬಾಯಿ ತೆರೆದಳು. ವಕೀಲಮ್ಮ ಕೈ ಎತ್ತಿ ತಡೆದಳು. "ಈಗಲೇ ಏನೂ ಹೇಳಬೇಡಿ. ನಾನು ಕಾನೂನು ಹೇಳಿದೆ. ನಡೆದದ್ದು ಏನು ಅಂತ ಯೋಚನೆ ಮಾಡಿ ಬನ್ನಿ."

ಮೆಟ್ಟಿಲು ಇಳಿಯತೊಡಗಿದೆವು. ಎರಡನೇ ಮಹಡಿಯಲ್ಲಿ ಅಣ್ಣ ನಿಂತರು. ಮೊಣಕಾಲು ನೋವೇನೋ ಅಂದುಕೊಂಡೆ.

"ನಿನಗೆ ಗೊತ್ತಿರಲಿಲ್ಲ," ಎಂದರು ಅವಳಿಗೆ. "ನನ್ನ ನಂಬರು ಹಾಕಿದ್ದೂ ಗೊತ್ತಿರಲಿಲ್ಲ, ಸಂಖ್ಯೆ ಹೇಳಿದ್ದೂ ಗೊತ್ತಿರಲಿಲ್ಲ. ಅವತ್ತು ನೀನು ಬೆಂಚಿನ ಮೇಲೆ ಇರಲಿಲ್ಲ."

"ಇದ್ನಲ್ಲ ಅಣ್ಣ."

"ಇರಲಿಲ್ಲಮ್ಮ."

ನನಗೆ ಪಿತ್ತ ನೆತ್ತಿಗೇರಿತು. ನಲವತ್ತು ವರ್ಷ ಒಬ್ಬರ ವಯಸ್ಸನ್ನು ಒಂದು ತಿಂಗಳು ಹಿಂದೆ ಮುಂದೆ ಮಾಡದ ಮನುಷ್ಯ, ಸುಳ್ಳು ಹೇಳುವುದೇ ಆದರೆ ತನ್ನ ಕೊರಳಿಗೇ ಸುತ್ತಿಕೊಳ್ಳುವಂಥದ್ದನ್ನು ಹೇಳಬೇಕಿತ್ತೇ? ಬೀದಿಗೆ ಬಂದ ಮೇಲೆ ಬೈದೆ. ಕೌಂಟರಿನವಳಿಗೆ ಎಲ್ಲ ಗೊತ್ತು, ಅವಳು ಬಂದು ಸಾಕ್ಷಿ ಹೇಳಲಿ, ಬ್ಯಾಂಕಿನ ತಪ್ಪು ಬಯಲಾಗುತ್ತದೆ ಎಂದೆ. ಅವಳನ್ನು ಕೇಳಲು ನಾನೇ ಹೋದೆ. ಅವಳ ನಿವೃತ್ತಿಗೆ ನಾಲ್ಕು ತಿಂಗಳಿತ್ತು. "ನಾನು ಯಾವ ನಂಬರು ಹಾಕಿ ಅಂತಾನೂ ಹೇಳಿಲ್ಲಮ್ಮ," ಎಂದು ಗಾಜಿನ ಹಿಂದಿನಿಂದ ಹೇಳಿ, ಮುಂದಿನವರನ್ನು ಕರೆದಳು. ಅವಳಿಗೂ ಒಂದು ಹೊಟ್ಟೆಯಿದೆ. ಆದರೂ ಆವತ್ತಿನಿಂದ ಅವಳ ಮುಖ ಕಂಡರೆ ನನಗೆ ಆಗುವುದಿಲ್ಲ.

ಅಕ್ಕನ ಹತ್ತಿರ ಹೋಗಿ ದೂರು ಹೇಳಿದೆ. ತಮ್ಮನಿಗೆ ಬುದ್ಧಿ ಹೇಳಿ, ಜೈಲಿಗೆ ಹೋಗುತ್ತಾನೆ ಎಂದೆ. ಅವಳು ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಬೈದಳು. ಗಿರಣಿಯ ಕೆಲಸ ಬಿಟ್ಟ ದಿನದಿಂದ ಶುರುಮಾಡಿ, ಒಂದು ವರ್ಷವನ್ನೂ ಬಿಡದೆ ಬೈದಳು. ಅವರು ಕೇಳಿಸಿಕೊಂಡರು. ಕೊನೆಗೆ ಅಂದರು:

"ಅಕ್ಕ, ನಾನು ಕೂತು ಒಂದೊಂದೇ ಅಂಕಿ ಬಿಡಿಸಿ ಓದಿದೆ. ಅವಳ ಮುಖ ನೋಡಿದೆಯಾ ನೀನು? ದವಡೆ?"

ಅಕ್ಕ ನೋಡಿರಲಿಲ್ಲ. ಆದರೆ ಮತ್ತೆ ಬೈಯಲಿಲ್ಲ.

ನ್ಯಾಯಮಂಡಳಿಗೆ ಕೊಡುವ ಪ್ರಮಾಣಪತ್ರವನ್ನು ಅಣ್ಣ ತಾವೇ ಬರೆದರು. ವಕೀಲಮ್ಮ ಟೈಪು ಮಾಡಿಸುತ್ತೇನೆ ಎಂದರೂ ಒಪ್ಪಲಿಲ್ಲ. ನನ್ನ ಪಕ್ಕದ ಮೇಜಿನಲ್ಲೇ, ಹಾಡಹಗಲಲ್ಲಿ, ಗಿರಾಕಿಗಳ ನಡುವೆ ಬರೆದರು. ಖಾತೆದಾರರಿಗೆ ತಿಳಿಸದೆ ನನ್ನ ನಂಬರನ್ನು ಸೇರಿಸಿದ್ದೇನೆ. ಖಾತೆದಾರರ ಒಪ್ಪಿಗೆಯಿಲ್ಲದೆ ಸಂಖ್ಯೆಗಳನ್ನು ತಿಳಿಸಿದ್ದೇನೆ. ಎರಡೇ ಪುಟ. ಅಷ್ಟಕ್ಕೆ ಬೆಳಿಗ್ಗೆಯಿಂದ ಸಂಜೆಯಾಯಿತು. ಒಂದೊಂದು ಸಾಲಿಗೂ ಪೆನ್ನು ಇಟ್ಟು ಎದ್ದು ನೀರು ಕುಡಿದು ಬರುತ್ತಿದ್ದರು. ನಾಲ್ಕು ಹಾಳೆ ಹರಿದುಹಾಕಿದರು. ಅಷ್ಟು ವರ್ಷದಲ್ಲಿ ಅವರು ಒಂದು ಹಾಳೆ ಹರಿದದ್ದನ್ನು ನಾನು ಕಂಡಿರಲಿಲ್ಲ.

ನ್ಯಾಯಮಂಡಳಿಯಲ್ಲಿ ಏಳು ತಿಂಗಳಾಯಿತು. ಆ ಏಳು ತಿಂಗಳೂ ಬಟ್ಟೆ ಒಗೆಯುವವಳು ಮಗಳನ್ನು ಕಟ್ಟಿಕೊಂಡು ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಮಲಗಿದಳು. ಮೇಲ್ವಿಚಾರಕಿ ಕಂಡೂ ಕಾಣದ ಹಾಗಿದ್ದಳು. ತೀರ್ಪು ಬಂತು. ಗ್ರಾಹಕರ ತಪ್ಪಿಲ್ಲ, ಬ್ಯಾಂಕಿನ ನಿರ್ಲಕ್ಷ್ಯವೇ ಮೂಲ ಕಾರಣ, ಹನ್ನೊಂದು ಜನರಿಗೂ ಪೂರ್ತಿ ಹಣ ಮರಳಿಸತಕ್ಕದ್ದು. ಅದರ ಮುಂದಿನ ಸಾಲಿನಲ್ಲಿ, ಅರ್ಜಿ ಬರೆಯುವ ಈ ವ್ಯಕ್ತಿ ಬಡವರ ನಂಬಿಕೆಯನ್ನು ದುರುಪಯೋಗ ಮಾಡಿಕೊಂಡಿದ್ದಾನೆ ಎಂದಿತ್ತು. ಅಣ್ಣ ಮೊದಲ ಭಾಗವನ್ನು ಹನ್ನೊಂದು ಜನರಿಗೂ ಓದಿ ಹೇಳಿದರು. ಎರಡನೆಯ ಸಾಲನ್ನೂ ಬಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಬೇಕು, ಅದು ಕಸುಬು ಎಂದರು.

ಬಟ್ಟೆ ಒಗೆಯುವವಳು ಕೋಣೆ ಹಿಡಿದಳು. ನಾನು ಹೋಗಿ ನೋಡಿ ಬಂದೆ. ಹತ್ತಡಿಗೆ ಹತ್ತಡಿ, ಒಂದು ಕಿಟಕಿ. ಮಗಳು ಬಾಗಿಲು ಹಾಕಿ, ಚಿಲಕ ಎಳೆದು, ಮತ್ತೆ ತೆಗೆದು ತೋರಿಸಿದಳು. ಅಷ್ಟರಮಟ್ಟಿಗೆ ಎಲ್ಲ ಸರಿಯಾಯಿತು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು.

ಬ್ಯಾಂಕು ನಿಲ್ಲಿಸಲಿಲ್ಲ. ಹಣ ಕಟ್ಟಿದ ಹದಿನೈದನೇ ದಿನಕ್ಕೆ ಅಣ್ಣನ ಮೇಲೆ ಪೊಲೀಸ್ ದೂರು ಕೊಟ್ಟಿತು. ಸಾಕ್ಷ್ಯಕ್ಕೆ ಅವರೇ ಬರೆದ ಪ್ರಮಾಣಪತ್ರ. ಅಷ್ಟು ದುಂಡನೆಯ ಅಕ್ಷರದ ತಪ್ಪೊಪ್ಪಿಗೆ ಆ ಠಾಣೆಗೆ ಹಿಂದೆಂದೂ ಬಂದಿರಲಿಕ್ಕಿಲ್ಲ. ಕದ್ದ ನಿಜವಾದ ಕಳ್ಳ ಯಾವ ದೇಶದಲ್ಲಿದ್ದನೋ, ಅವನನ್ನು ಯಾರೂ ಹುಡುಕಲಿಲ್ಲ. ಕೈಗೆ ಸಿಗುವವನು ಇಲ್ಲೇ ಗೋಡೆ ಪಕ್ಕದಲ್ಲಿ ಕೂತಿರುವಾಗ ಹುಡುಕುವ ತೊಂದರೆ ಯಾರಿಗೆ ಬೇಕು? ಮಾರನೇ ವಾರ ಅವರ ಮೇಜನ್ನು ಎತ್ತಿಸಿಬಿಟ್ಟರು.

ಮೊಕದ್ದಮೆಗೆ ಒಬ್ಬ ಸಾಕ್ಷಿ ಬೇಕಿತ್ತು. ಹನ್ನೊಂದರಲ್ಲಿ ಬಟ್ಟೆ ಒಗೆಯುವವಳ ಹೆಸರನ್ನೇ ಆರಿಸಿದರು. ಸಮನ್ಸು ಹಿಡಿದುಕೊಂಡು ಅವಳು ನನ್ನ ಮೇಜಿಗೆ ಓಡಿ ಬಂದಳು. ಅಣ್ಣನ ಹತ್ತಿರ ಹೋಗುವ ಹಾಗಿರಲಿಲ್ಲ, ಇಬ್ಬರೂ ಸೇರಿ ಸಂಚು ಮಾಡಿದ್ದಾರೆ ಎನ್ನಬಹುದೆಂದು ವಕೀಲಮ್ಮ ಕಟ್ಟುನಿಟ್ಟು ಮಾಡಿದ್ದಳು.

"ನಿಜ ಹೇಳಿಬಿಡ್ತೀನಿ ಅಕ್ಕ," ಎಂದಳು. "ನಾನೇ ಹೇಳಿ ಅಂದೆ ಅಂತೀನಿ. ಕೋಣೆ ಹೋದ್ರೆ ಹೋಗ್ಲಿ."

ನಾನು ಅವಳನ್ನು ವಕೀಲಮ್ಮನ ಹತ್ತಿರ ಕರೆದುಕೊಂಡು ಹೋದೆ. ವಕೀಲಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. "ಹೇಳಿದ್ರೆ ಆ ತೀರ್ಪು ಬೀಳುತ್ತೆ. ನಿಮ್ಮದು ಮಾತ್ರ ಅಲ್ಲ, ಹನ್ನೊಂದೂ, ಎಲ್ಲ ನಿಂತಿರೋದು ಅದೊಂದೇ ಪ್ರಮಾಣಪತ್ರದ ಮೇಲೆ. ಕೊಟ್ಟ ದುಡ್ಡು ವಾಪಸ್ ಕೇಳ್ತಾರೆ. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಅವರ ಮೇಲೆ ಇನ್ನೊಂದು ಕೇಸು, ನಿಮ್ಮ ಮೇಲೂ ಒಂದು. ಅವರು ಆಗಲೂ ಜೈಲಿಗೆ ಹೋಗ್ತಾರೆ, ನೀವೂ ಹೋಗ್ತೀರಿ. ಮಗು ಗಂಡನ ಹತ್ತಿರ ಹೋಗುತ್ತೆ." ಕನ್ನಡಕ ಮತ್ತೆ ಹಾಕಿಕೊಂಡು, "ನಾನು ಇದನ್ನ ಕೇಳಿಸಿಕೊಂಡಿಲ್ಲ," ಎಂದಳು.

ಸಾಕ್ಷಿ ಹೇಳುವ ದಿನ ನಾನು ಕೋರ್ಟಿನ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಫ್ಯಾನು ಕಿರುಗುಟ್ಟುತ್ತಿತ್ತು. ಅಣ್ಣ ಕಟಕಟೆಯಲ್ಲಿ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನಿರಲಿಲ್ಲ. ಅವಳು ಹೋಗಿ ನಿಂತಾಗ ಎದುರು ಬದುರಾದರು.

"ಈ ಮನುಷ್ಯ ನಿಮಗೆ ಗೊತ್ತಾ?" ಎಂದ ಸರ್ಕಾರಿ ವಕೀಲ.

"ಗೊತ್ತು."

"ನಿಮ್ಮ ಖಾತೆಗೆ ತನ್ನ ನಂಬರ್ ಹಾಕಿದ್ದು ನಿಮಗೆ ಗೊತ್ತಿತ್ತಾ?"

ಅವಳು ಅಣ್ಣನನ್ನು ನೋಡಿದಳು. ಅಣ್ಣ ತಲೆ ತಗ್ಗಿಸಲಿಲ್ಲ. ನಿಧಾನವಾಗಿ ಬರಲಿ, ಅವಸರವಿಲ್ಲ ಎನ್ನುವ ಹಾಗೆ ನೋಡುತ್ತಿದ್ದರು. ಉದ್ದೇಶದ ಖಾನೆಗೆ ಉತ್ತರ ಕಾಯುವಾಗಲೂ ಅವರು ಹೀಗೇ ನೋಡುತ್ತಿದ್ದದ್ದು.

"ಇಲ್ಲ," ಎಂದಳು.

"ಗುಟ್ಟಿನ ಸಂಖ್ಯೆ ಹೇಳೋಕೆ ಒಪ್ಪಿಗೆ ಕೊಟ್ಟಿದ್ರಾ?"

"ಇಲ್ಲ."

"ಹಾಗಾದ್ರೆ ಇವನು ನಿಮಗೆ ಮೋಸ ಮಾಡಿದ."

ವಕೀಲ ಮತ್ತೊಮ್ಮೆ ಕೇಳಿದ. ಉತ್ತರ ಕೊಡಿ ಎಂದರು ನ್ಯಾಯಾಧೀಶರು, ಗದರದೆಯೇ. ನಾನು ಎದ್ದು ನಿಲ್ಲಬಹುದಿತ್ತು. ಮೂರಡಿ ದೂರದಲ್ಲಿ ಕೂತು ಕೇಳಿಸಿಕೊಂಡವಳು ನಾನೊಬ್ಬಳೇ. ಎದ್ದಿದ್ದರೆ ಹನ್ನೊಂದು ಮನೆ ಬೀಳುತ್ತಿದ್ದವು, ಎದ್ದೇಳದಿದ್ದರೆ ಒಂದು. ನಾನು ಏಳಲಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಅದನ್ನು ನೆನೆದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ಹೌದು," ಎಂದಳು. "ಮೋಸ ಮಾಡಿದ್ರು."

ಸಾಕ್ಷಿಗೆ ಕೇಳುವುದು ಏನಾದರೂ ಇದೆಯೇ ಎಂದು ಆಪಾದಿತರನ್ನು ಕೇಳಿದರು. ಏನೂ ಇಲ್ಲ, ಅವರು ಹೇಳಿದ್ದು ಸರಿ ಎಂದರು ಅಣ್ಣ. ಹೇಳಿಕೆಯ ಕೆಳಗೆ ಅವಳ ಹೆಬ್ಬೆಟ್ಟು ಬೇಕಿತ್ತು. ಮೊದಲ ಸಲ ಒತ್ತಿದಾಗ ಬರೀ ಮಸಿ ಮೆತ್ತಿತು. ಗುಮಾಸ್ತ ಬೇಸರದಿಂದ ಅವಳ ಕೈ ಒರೆಸಿ, ಬೆರಳನ್ನು ತಾನೇ ಹಿಡಿದು ಇನ್ನೊಮ್ಮೆ ಒತ್ತಿಸಿದ. ಹೊರಗೆ ಬಂದವಳು ಕಂಬಕ್ಕೆ ಹಣೆ ಕೊಟ್ಟು ನಿಂತಳು. ನಾನು ಹೋಗಿ ಮುಟ್ಟಿದರೆ ಕೊಡವಿದಳು.

ಊಟದ ವಿರಾಮದ ಮೇಲೆ ತೀರ್ಪು ಬಂತು. ಹದಿನಾಲ್ಕು ತಿಂಗಳು. ವಯಸ್ಸು ನೋಡಿ ಕಡಿಮೆ ಮಾಡಿದ್ದೇವೆ ಎಂದರು. ಅಲ್ಲಿಂದಲೇ ಕರೆದುಕೊಂಡು ಹೋದರು. ಅವರ ಚೀಲ, ಊಟದ ಡಬ್ಬಿ ನನ್ನ ಕೈಗೆ ಬಂತು. ಡಬ್ಬಿ ತೆರೆದಿರಲಿಲ್ಲ.

ಮೆಟ್ಟಿಲ ಕೆಳಗಿನ ಮನೆಗೆ ಹೋದೆ. ಅಕ್ಕ ಬಾಗಿಲಲ್ಲೇ ಕೂತಿದ್ದಳು. ಚೀಲ ನೋಡಿ ಎಲ್ಲ ತಿಳಿದುಕೊಂಡಳು. ಎಷ್ಟು ತಿಂಗಳು ಎಂದು ಅವಳು ಕೇಳಲಿಲ್ಲ.

"ಅವಳು ಹೇಳಿದಳಾ?"

"ಹೇಳಿದಳು. ಮೋಸ ಮಾಡಿದ್ರು ಅಂದಳು."

"ಸದ್ಯ," ಎಂದಳು ಅಕ್ಕ. "ಬಾಯಿ ತಪ್ಪಿ ನಿಜ ಹೇಳಿಬಿಡ್ತಾಳೇನೋ ಅಂತ ಅವನು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ."

ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಅವಳ ಮುಖ ಮಾತ್ರ ನನಗೆ ತೋರಿಸಬೇಡ ತಾಯಿ. ನಾನು ಸತ್ತರೂ ಈ ಬಾಗಿಲಿಗೆ ಬರಬಾರದು ಅಂತ ಹೇಳು," ಎಂದಳು.

ಆಯಿತು ಎಂದೆ.